ಬೈಂಡಿಂಗ್‌ಗೆ ಐದು ಸ್ಟಾರ್, ರೆಡಿ ಪ್ರಾಜೆಕ್ಟ್‌ಗೆ ಒಂದೂ ಇಲ್ಲ

ಧಾರವಾಡ ಸಪ್ತಾಪುರ ಕಡೆ ಝೆರಾಕ್ಸ್ ಅಂಗಡಿಗೇನ ಬರ ಇಲ್ಲ ಬಿಡ್ರಿ, ಅದರಾಗ ಒಂದರ ಕತಿ ಇದು. ಹೆಸರ ಹಾಕಂಗಿಲ್ಲ, ಬೈಂಡಿಂಗ್‌ಗೆ ನಾ ಇನ್ನೂ ಅಲ್ಲೇ ಹೋಗ್ಬೇಕು.

ಮೊದ್ಲ ಚಲೋದ್ ಹೇಳ್ತೀನಿ. ಪ್ರಿಂಟ್ ಕ್ಲೀನ್, ಬೈಂಡಿಂಗ್ ಹೇಳಿದ್ ಟೈಮಿಗೆ ಕೈಯಾಗ, ರೇಟೂ ಜಾಸ್ತಿ ಇಲ್ಲ. ಪರೀಕ್ಷಾ ಬಂತಂದ್ರ ಮೈಕ್ರೋ ಝೆರಾಕ್ಸ್‌ಗೆ ಪಾಳಿ ಹಚ್ಚಿರ್ತಾರ, ಬೆರಳಗಲದ ಚೀಟಿನ್ಯಾಗ ಇಡೀ ಯುನಿಟ್. ಅದರ ರಿವ್ಯೂ ಬರ್ಯಂಗಿಲ್ಲ, ಅದನ್ನ ನಾ ತಗೊಂಡಿಲ್ಲ.

ನಾ ತಗೊಂಡಿದ್ದು ರೆಡಿ ಪ್ರಾಜೆಕ್ಟ್. ಎಂಕಾಂ ಕೊನೇ ಸೆಮಿಸ್ಟರ್, ಮನ್ಯಾಗ ಅಕ್ಕನ ಮದವಿ, ಟೈಮ್ ಇಲ್ಲಂತ ನನಗ ನಾನ ಹೇಳ್ಕೊಂಡು 1800 ರೂಪಾಯಿ ಕೊಟ್ಟೆ. ಸಿಟಿ ಬಸ್ ಪ್ರಯಾಣಿಕರ ತೃಪ್ತಿ ಅಂತ ವಿಷಯ, 100 ಮಂದಿ ಸರ್ವೆ, ಬಣ್ಣ ಬಣ್ಣದ ಪೈ ಚಾರ್ಟ್. ನಾ ತಗದ ಓದ್ಲಿಲ್ಲ, ತಪ್ಪ ನಂದೂ ಐತಿ.

ವೈವಾದಾಗ ಮೇಡಂ ನಡುವಿನ ಒಂದ್ ಪುಟ ತಗದು ಸಾವಕಾಶ ಕೇಳಿದ್ರು, "ಧಾರವಾಡ ಪ್ಯಾಲೇಸ್ ಎಲ್ಲಿ ಬರ್ತೈತಪಾ?" ಮೈಸೂರಿನ ಯಾರದೋ ಪ್ರಾಜೆಕ್ಟ್ ಅದು, ಮೈಸೂರು ಇದ್ದಲ್ಲೆಲ್ಲ ಧಾರವಾಡ ಅಂತ ಒಂದ ಏಟಿಗೆ ರಿಪ್ಲೇಸ್ ಹೊಡದಿದ್ರು, ಚಾಮುಂಡಿ ಬೆಟ್ಟ ಮಾತ್ರ ಹಂಗ ಉಳದಿತ್ತು, ದಸರಾ ರಶ್ಶೂ ಉಳದಿತ್ತು. ಆಮ್ಯಾಲ, "ನೀ ಇವತ್ತ ಹೆಂಗ ಬಂದಿ?" ಅಂದ್ರು. ಹುಬ್ಬಳ್ಳಿಯಿಂದ ಚಿಗರಿನ್ಯಾಗ್ರಿ ಅಂದೆ, ಹುಬ್ಬಳ್ಳಿ-ಧಾರವಾಡ ನಡುವ ಓಡೋ ಬಿಆರ್‌ಟಿಎಸ್ ಬಸ್ಸಿನ ಹೆಸರ ಅದು. "ಮತ್ತ 80 ಪುಟದಾಗ ಚಿಗರಿ ಎಲ್ಲೈತಿ?"

2019ರಾಗ ಹಾವೇರ್ಯಾಗ ಒಂದ್ ಕಾಲೇಜಿನ್ಯಾಗ ಕಾಪಿ ಹೊಡಿಬಾರ್ದಂತ ಹುಡುಗ್ರ ತಲಿಗೆ ರಟ್ಟಿನ ಡಬ್ಬಿ ಹಾಕಿ ಪರೀಕ್ಷಾ ಬರಸಿದ್ರಲ್ಲ, ಆ ಫೋಟೋ ನೋಡಿ ನಾವೆಲ್ಲ ಬಿದ್ದ ಬಿದ್ದ ನಕ್ಕಿದ್ವಿ. ವೈವಾದ ದಿನ ನನಗ ಅಂಥಾದೊಂದ ಡಬ್ಬಿ ಬೇಕಾಗಿತ್ತು, ಮಾರಿ ಮುಚ್ಕೊಳ್ಳಾಕ.

ಅಂಗಡಿಗೆ ಹೋಗಿ ಕೇಳಿದ್ರ ಅಣ್ಣಾರ ಉತ್ತರ, "ಪ್ಲೇಜಿಯರಿಸಂ 10 ಪರ್ಸೆಂಟ್ ಒಳಗ ಐತಲ್ಲೋ ತಮ್ಮಾ, ರಿಪೋರ್ಟ್ ಕೊಟ್ಟೀನಿ." ಸುಳ್ಳಲ್ಲ ಅದು. ಯುಜಿಸಿಯ 2018ರ ನಿಯಮದಾಗ ಥೀಸಿಸ್‌ಗೆ ಬ್ಯಾರೆಯವರ ಬರಹದ ಜೋಡಿ ಹೋಲಿಕೆ 10 ಪರ್ಸೆಂಟ್ ತನಕ ಇದ್ರ ಶಿಕ್ಷಾ ಇಲ್ಲ, 60 ದಾಟಿದ್ರ ರಿಜಿಸ್ಟ್ರೇಷನ್ನ ರದ್ದು, ಅದಕ್ಕ ಈ ಅಂಗಡಿ ಮಂದಿಗೆ 10 ಅನ್ನೋದು ಬಾಯಿಪಾಠ ಆಗೈತಿ. ಆದ್ರ ಸಾಫ್ಟ್‌ವೇರ್ ನೋಡೋದು ಶಬ್ದ ಕೂಡ್ತಾವೋ ಇಲ್ಲೋ ಅಂತ ಅಷ್ಟ, ಆ 100 ಮಂದಿನ್ನ ಯಾರರೆ ಮಾತಾಡ್ಸ್ಯಾರೇನು ಅಂತ ಅಲ್ಲ. ಶಬ್ದ ತಿರುವಿ ತಿರುವಿ ಬಸ್ ಸ್ಟ್ಯಾಂಡ್‌ನ ವೆಹಿಕಲ್ ಪ್ಲಾಟ್‌ಫಾರ್ಮ್ ಮಾಡಿ ಇಟ್ಟಿದ್ರು, ಹಂಗಾದ್ರ ಯಾವ ಸಾಫ್ಟ್‌ವೇರಿಗೆ ಸಿಗ್ತೈತಿ. ರೊಕ್ಕ ಕೇಳಿದ್ದಕ್ಕ ಅರ್ಧ ವಾಪಸ್ ಬಂತು.

ಕಡೀಕ ನಾನ ಮೂರ ದಿನ ಜುಬಿಲಿ ಸರ್ಕಲ್, ಟೋಲ್ ನಾಕಾದಾಗ ಫಾರ್ಮ್ ಹಿಡಕೊಂಡ ನಿಂತೆ, 62 ಮಂದಿ ಸಿಕ್ರು, ಒಬ್ಬ ಅಜ್ಜಿ "ಟಿಕೆಟ್ ಚೆಕ್ ಮಾಡಾಂವೇನೋ ನೀ" ಅಂತ ಬೈದ್ಲು, ಅಕಿದೂ ಒಂದ್ ಫಾರ್ಮ್ ತುಂಬಿಸ್ಕೊಂಡೆ. ಚಾರ್ಟ್ ಚಂದ ಬರ್ಲಿಲ್ಲ, ಪಾಸಾತು.

ಪ್ರಿಂಟ್‌ಗೆ ಮತ್ತ ಅದ ಅಂಗಡಿಗೆ ಹೋದೆ. ಪೆನ್‌ಡ್ರೈವ್ ಹಾಕಿ ಅಣ್ಣಾರು ಸೀದಾ ಡೆಸ್ಕ್‌ಟಾಪಿಗೆ ಕಾಪಿ ಹೊಡಕೊಂಡ್ರು, "ಚಲೋ ಮಾಡಿಯಲ್ಲೋ, ಇರ್ಲಿ ಬಿಡು ಇಲ್ಲೆ" ಅಂತ. ನಿಂತ ಡಿಲೀಟ್ ಮಾಡಿಸಿ ಬಂದೀನಿ, ರಿಸೈಕಲ್ ಬಿನ್ ಸೈತ.