ಅರ್ಧ ದಿನ ಹೋಗ್ತದೆ, ಆದರೂ ಡೆಂಟಲ್ ಕಾಲೇಜಿಗೇ ಹೋಗಿ

ಮಂಗಳೂರಿನ ಒಂದು ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗದ ಬಗ್ಗೆ ಇದು. ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಯಲಿಕ್ಕೂ ಸ್ವಲ್ಪ ಉಂಟು. ನಮ್ಮಲ್ಲಿ ಡೆಂಟಲ್ ಕಾಲೇಜಿಗೆ ಬರ ಇಲ್ಲ, ದೇರಳಕಟ್ಟೆ ಒಂದರಲ್ಲೇ ಎರಡು ಉಂಟು, ಹಾಗಾಗಿ ನಿಮಗೆ ಯಾವುದು ಹತ್ತಿರವೋ ಅಲ್ಲಿಗೆ ಹೋದರೆ ಸಾಕು.

ಮಗಳಿಗೆ 7 ವರ್ಷ. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ನೊರೆಯಲ್ಲಿ ಕೆಂಪು. ಮೊದಲ ದಿನ ಬ್ರಷ್ ತಾಗಿರಬೇಕು ಅಂದುಕೊಂಡೆ, ವಾರ ಕಳೆದರೂ ನಿಲ್ಲಲಿಲ್ಲ. "ಆ ಬ್ರಷ್ಷೇ ಬೇಡ, ಬೆರಳಲ್ಲಿ ಉಜ್ಜಲಿ, ನಾವೆಲ್ಲ ಮಾವಿನೆಲೆಯಲ್ಲಿ ಉಜ್ಜಿದವರೇ ಅಲ್ವಾ" ಅಂದರು ಅತ್ತೆ. ನನಗೂ ಸರಿ ಕಂಡಿತು. ನಾಲ್ಕು ದಿನ ಬ್ರಷ್ ಮುಟ್ಟಿಸಲಿಲ್ಲ. ರಕ್ತ ನಿಲ್ಲುವ ಬದಲು ಬಾಯಿ ವಾಸನೆಯೂ ಸೇರಿಕೊಂಡಿತು.

ಆಮೇಲೆ ಮನೆ ಹತ್ತಿರದ ಒಂದು ಕ್ಲಿನಿಕ್. ಐದೇ ನಿಮಿಷ. "ಹಾಲುಹಲ್ಲು ಅಲ್ವಾ, ಹೇಗೂ ಬಿದ್ದು ಹೋಗ್ತದೆ" ಎಂದು ಒಸಡಿಗೆ ಹಚ್ಚುವ ಮದ್ದು ಬರೆದುಕೊಟ್ಟರು. ಅದನ್ನು ಹಚ್ಚುವಾಗ ಅವಳು ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ರಕ್ತ ಮಾತ್ರ ಹಾಗೇ.

ಕಾಲೇಜಿಗೆ ಹೋದದ್ದು ಶನಿವಾರ, ಅದು ನನ್ನದೇ ತಪ್ಪು. ಶಾಲೆ ಬೇಗ ಬಿಡ್ತದೆ ಅಂತ ಎಲ್ಲರೂ ಆ ದಿನವೇ ಬರ್ತಾರೆ. ಚೀಟಿ ಮಾಡಿಸಲು ಒಂದು ಕ್ಯೂ, ಮೇಲಿನ ಮಹಡಿಯಲ್ಲಿ ಇನ್ನೊಂದು. ಮೂವರು ಸ್ಟೂಡೆಂಟ್‌ಗಳು ಒಬ್ಬರ ನಂತರ ಒಬ್ಬರು ಬಂದು ಅದೇ ಕತೆ ಕೇಳಿದರು, ಮೂರನೇ ಸಲ ನನ್ನ ಬದಲು ಮಗಳೇ ಹೇಳಿದಳು. ಟಿವಿಯಲ್ಲಿ ಕಾರ್ಟೂನ್ ಉಂಟು, ಶಬ್ದ ಇಲ್ಲ. ನಮ್ಮ ಸರದಿ ಬರುವಾಗ ಎರಡು ಗಂಟೆ ಕಳೆದಿತ್ತು.

ಆದರೆ ಕುರ್ಚಿಯಲ್ಲಿ ಕೂರಿಸಿದ ಮೇಲೆ ನಡೆದದ್ದೇ ಬೇರೆ. ಅಲ್ಲಿನ ಹುಡುಗಿ, ಪಿಜಿ ಓದುವವರಂತೆ, ಮಗಳ ಹಲ್ಲಿಗೆಲ್ಲ ಗುಲಾಬಿ ಬಣ್ಣದ ನೀರು ಹಚ್ಚಿ ಬಾಯಿ ಮುಕ್ಕಳಿಸಲು ಹೇಳಿದರು. ಹಲ್ಲಿಗೆ ಅಂಟಿದ ಕೊಳೆ ಇದ್ದಲ್ಲಿ ಮಾತ್ರ ಆ ಬಣ್ಣ ಉಳಿಯುತ್ತದೆ. ಕನ್ನಡಿ ಕೊಟ್ಟರು. ಒಸಡಿನ ಅಂಚಿನುದ್ದಕ್ಕೂ ಕಡು ಗುಲಾಬಿ ಗೆರೆ! "ಅಮ್ಮಾ, ನಾನು ಯಕ್ಷಗಾನದ ಬಣ್ಣದ ವೇಷ" ಎಂದು ಅವಳಿಗೆ ಖುಷಿ, ನನಗೆ ನಾಚಿಕೆ. ದಿನಾ ಎರಡು ಸಲ ಉಜ್ಜಿಸುತ್ತಿದ್ದೆನಲ್ಲ, ಹಲ್ಲಿನ ನಡುಭಾಗ ಮಾತ್ರ ಉಜ್ಜಿದ್ದು, ಒಸಡಿನ ಹತ್ತಿರ ಬ್ರಷ್ ಹೋಗಿಯೇ ಇರಲಿಲ್ಲ.

ಅವರು ಹೇಳಿದ್ದು ಇಷ್ಟು. ಆ ಮೆತ್ತನೆಯ ಕೊಳೆ ಪ್ಲಾಕ್. ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ಒಸಡು ಊದಿ, ಕೆಂಪಾಗಿ, ಮುಟ್ಟಿದರೆ ರಕ್ತ ಬರುತ್ತದೆ. ಜಿಂಜಿವೈಟಿಸ್ ಅಂತಾರೆ. ಅಂದರೆ ರಕ್ತ ಬರುತ್ತದೆ ಅಂತ ಉಜ್ಜುವುದನ್ನು ಬಿಟ್ಟರೆ ಕೊಳೆ ಇನ್ನೂ ಜಾಸ್ತಿ, ರಕ್ತವೂ ಜಾಸ್ತಿ. ನಾವು ನಾಲ್ಕು ದಿನ ಮಾಡಿದ್ದು ಅದನ್ನೇ ಮಾರಾಯ್ರೇ. ಕೊಳೆ ಗಟ್ಟಿಯಾದರೆ ಮತ್ತೆ ಬ್ರಷ್‌ಗೆ ಬರುವುದಿಲ್ಲ, ಕ್ಲೀನಿಂಗೇ ಆಗಬೇಕು. ಮಗಳಿಗೆ ಕೆಳಗಿನ ಮುಂಭಾಗದ ಹಲ್ಲುಗಳ ಒಳಗೆ ಸ್ವಲ್ಪ ಇತ್ತು, ಹತ್ತು ನಿಮಿಷದಲ್ಲಿ ತೆಗೆದರು, ಒಂದು ಹನಿ ಕಣ್ಣೀರಿಲ್ಲ.

"ಹಾಲುಹಲ್ಲು" ಮಾತು ಹೇಳಿದೆ. ಅವರು ಕೊನೆಯ ಹಾಲುಹಲ್ಲಿನ ಹಿಂದೆ ಅರ್ಧ ಮೇಲೆ ಬಂದಿದ್ದ ದವಡೆ ಹಲ್ಲು ತೋರಿಸಿದರು. ಸುಮಾರು 6 ವರ್ಷಕ್ಕೆ ಬರುವ ಅದು ಬೀಳುವ ಹಲ್ಲಲ್ಲ, ಕೊನೆಯವರೆಗೂ ಇರಬೇಕಾದದ್ದು. ಯಾವ ಹಲ್ಲೂ ಬೀಳದೆ ಹಿಂದಿನಿಂದ ಸುಮ್ನೆ ಬರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಇನ್ನೂ ಒಸಡು ಮುಚ್ಚಿಕೊಂಡಿತ್ತು, ಅಡಿಯಲ್ಲಿ ಅನ್ನ, ಬಿಸ್ಕತ್ತಿನ ಚೂರು.

ಇನ್ನೊಂದು ವಿಷಯ ನಾನು ಕನಸಲ್ಲೂ ಯೋಚಿಸಿರಲಿಲ್ಲ. ಮೇಲಿನ ಮುಂಭಾಗದ ಒಸಡು ಬೇರೆ ಕಡೆಗಿಂತ ಹೆಚ್ಚು ಊದಿತ್ತು. "ರಾತ್ರಿ ಬಾಯಿ ತೆರೆದು ಮಲಗ್ತಾಳಾ?" ಎಂದು ಕೇಳಿದರು. ಹೌದು, ಗೊರಕೆಯೂ ಉಂಟು. ಬಾಯಲ್ಲಿ ಉಸಿರಾಡಿದರೆ ಆ ಭಾಗ ಒಣಗಿ ಒಸಡು ಹಾಳಾಗುತ್ತದಂತೆ. ಇಎನ್‌ಟಿಗೆ ಚೀಟಿ ಕೊಟ್ಟರು. ಮೂಗಲ್ಲೂ ರಕ್ತ, ಮೈಮೇಲೆ ನೀಲಿ ಕಲೆ, ಬಿಡದ ಜ್ವರ ಇದೆಯಾ ಎಂದೂ ಕೇಳಿದರು, ಹಾಗೇನಾದರೂ ಇದ್ದರೆ ರಕ್ತ ಪರೀಕ್ಷೆ ತಡ ಮಾಡಬಾರದಂತೆ. ಪುಣ್ಯಕ್ಕೆ ಅದೇನೂ ಇರಲಿಲ್ಲ.

ಉಜ್ಜುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಮೆತ್ತನೆಯ ಬ್ರಷ್, ಒಸಡಿನ ಕಡೆಗೆ ಓರೆ ಮಾಡಿ ಹಿಡಿದು ಸಣ್ಣಗೆ ಆಡಿಸುವುದು, ಎರಡು ನಿಮಿಷ. ಜಾಹೀರಾತಿನ ಹಾಗೆ ಬ್ರಷ್ ಉದ್ದಕ್ಕೂ ಪೇಸ್ಟ್ ಬೇಡ, ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, 3 ವರ್ಷದ ಒಳಗಿನವರಿಗೆ ಅಕ್ಕಿ ಕಾಳಿನಷ್ಟು. 7-8 ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ಮೊದಲ ಕೆಲವು ದಿನ ರಕ್ತ ಬಂದರೂ ಬಿಡಬೇಡಿ ಅಂದರು. ಬಂತು, ಬಿಡಲಿಲ್ಲ. ಎರಡು ವಾರದ ನಂತರ ತೋರಿಸಲು ಹೋದಾಗ ಒಸಡು ತಿಳಿ ಗುಲಾಬಿ, ರಕ್ತ ಇಲ್ಲ.

ಖರ್ಚು ಆ ಕ್ಲಿನಿಕ್‌ನಲ್ಲಿ ಕೊಟ್ಟದ್ದರ ಅರ್ಧವೂ ಇಲ್ಲ. ಪಾರ್ಕಿಂಗ್ ಮಾತ್ರ ದೇವರಿಗೇ ಪ್ರೀತಿ, ಬಸ್ಸಲ್ಲೇ ಹೋಗಿ. ವಾರದ ಮಧ್ಯೆ ಬೆಳಿಗ್ಗೆ ಬೇಗ, ಮಗುವಿಗೆ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ನಿಂತುಬಿಡುತ್ತದೆ. ಮತ್ತೆ ಬಿಳಿ ಯೂನಿಫಾರ್ಮ್ ಹಾಕಿಸಬೇಡಿ. ಆ ಗುಲಾಬಿ ನೀರು ಕಾಲರ್‌ಗೆ ಬಿದ್ದದ್ದು ಮೂರು ಸಲ ಒಗೆದರೂ ಹೋಗಿಲ್ಲ.