ನೆಲಮಂಗಲ–ಹಾಸನ ಹೈವೇ: ರಸ್ತೆಗೆ ನಾಲ್ಕು ಸ್ಟಾರ್, ಬಲಗಡೆ ಲೇನಿಗೆ ಎರಡೇ

ರಾಷ್ಟ್ರೀಯ ಹೆದ್ದಾರಿ 75ರ ಈ ಚತುಷ್ಪಥದಲ್ಲಿ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ದಾಟಿ ಹಾಸನ ಮುಟ್ಟುವುದು ಮಾಮೂಲಿಯಾಗಿ ಸಲೀಸು. ನಡುವೆ ಡಿವೈಡರ್ ಇರುವುದರಿಂದ ಎದುರುಗಾಡಿಯ ಭಯವೂ ಕಡಿಮೆ. ಕೊರತೆ ಇರುವುದು ಒಂದೇ ಕಡೆ: ಒಂದು ದಿಕ್ಕಿಗೆ ಎರಡೇ ಲೇನ್. ಲಾರಿಯೊಂದು ಇನ್ನೊಂದು ಲಾರಿಗೆ ಓವರ್‌ಟೇಕ್ ಹೊಡೆಯಲು ಹೊರಟರೆ ಎರಡೂ ಮುಚ್ಚಿದಂತೆಯೇ.

ಲೆಕ್ಕ ಹಾಕಿ ನೋಡಿ. ಎಡಗಡೆ ಲಾರಿ ಗಂಟೆಗೆ 75 ಕಿ.ಮೀ. ವೇಗದಲ್ಲಿದೆ, ಹಿಂದಿನದು 80ರಲ್ಲಿ. 12 ಮೀಟರ್ ಉದ್ದದ ಎರಡು ಗಾಡಿ, ಹಿಂದೆ ಮುಂದೆ ತಲಾ 20 ಮೀಟರ್ ಅಂತರ ಸೇರಿಸಿದರೆ 64 ಮೀಟರ್ ಹೆಚ್ಚುವರಿಯಾಗಿ ಕ್ರಮಿಸಬೇಕು. ಗಂಟೆಗೆ 5 ಕಿ.ಮೀ. ವ್ಯತ್ಯಾಸದಲ್ಲಿ ಅದಕ್ಕೆ 46 ಸೆಕೆಂಡು, ರಸ್ತೆಯ ಮೇಲೆ ಸುಮಾರು 1 ಕಿ.ಮೀ. ಚತುಷ್ಪಥದಲ್ಲಿ ಸರಕು ಗಾಡಿಗೆ ಮಿತಿ 80, ಕಾರಿಗೆ 100 ಎಂದು 2018ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ವೇಗ ಮಿತಿ ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇರುವ ಲಾರಿಗೆ 80 ಮುಟ್ಟಿದ ಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಕೊನೆಯ ತಳ್ಳು ಸಿಗುವುದಿಲ್ಲ. ಅಷ್ಟರಲ್ಲಿ 100ರಲ್ಲಿ ಬರುವ ಕಾರು 250 ಮೀಟರ್ ಹಿಂದಿದ್ದರೂ ಬಂದು ಅಂಟಿಕೊಂಡಿರುತ್ತದೆ. ಹೀಗೆ ಸಾಲುಗಟ್ಟಿದ ಕಾರುಗಳಲ್ಲಿ ಮೊದಲಿನವನು ಸ್ವಲ್ಪ ಬ್ರೇಕ್ ಮುಟ್ಟಿದರೆ ಹಿಂದಿನವನು ತಡವಾಗಿ, ಇನ್ನೂ ಜೋರಾಗಿ ಒತ್ತುತ್ತಾನೆ, ಎಂಟನೆಯವನು ನಿಂತೇಬಿಡಬಹುದು. ಲಾರಿ ಎಡಕ್ಕೆ ಸರಿದು ಹೋದ ಮೇಲೂ ಆ ಸಾಲು ಬೇಗ ಬಿಚ್ಚಿಕೊಳ್ಳುವುದಿಲ್ಲ.

ಏರಿನಲ್ಲಿ ಇನ್ನೂ ಕಷ್ಟ. ಹತ್ತು ಚಕ್ರದ ಲಾರಿಗೆ ಲೋಡು ಸೇರಿ ಒಪ್ಪಿತ ತೂಕ 28.5 ಟನ್. 200 ಎಚ್‌ಪಿ ಎಂಜಿನ್ ಇದ್ದರೆ ನೂರು ಮೀಟರಿಗೆ 3 ಮೀಟರ್ ಏರುವ ಕಡೆ ಅದು 40ರ ಆಸುಪಾಸಿಗೆ ಇಳಿಯುತ್ತದೆ. ಖಾಲಿ ಗಾಡಿ ಅದನ್ನು ಹಿಂದಿಕ್ಕುವುದು ಸರಿ, ಸರಕ್ಕನೆ ಮುಗಿಯುತ್ತದೆ. ಲೋಡಾದ ಗಾಡಿ ಲೋಡಾದದ್ದನ್ನು ಏರಿನಲ್ಲಿ ಹಿಂದಿಕ್ಕಲು ಹೋದರೆ ನೆತ್ತಿ ಮುಟ್ಟುವವರೆಗೂ ಜೋಡಿ ಮೆರವಣಿಗೆ.

ಎಡಗಡೆ ಲಾರಿಯವರು 75ರಿಂದ 70ಕ್ಕೆ ಇಳಿದರೆ ಓವರ್‌ಟೇಕ್ 23 ಸೆಕೆಂಡಿನಲ್ಲಿ, ಅರ್ಧ ಕಿ.ಮೀ.ಯಲ್ಲಿ ಮುಗಿಯುತ್ತದೆ. ಅವರು ಕಳೆದುಕೊಳ್ಳುವುದು 32 ಮೀಟರ್, ಅಂದರೆ ಎರಡು ಸೆಕೆಂಡೂ ಅಲ್ಲ. ಸೈಡ್ ಕೊಡುವ ಹಳೇ ರೂಢಿಯೇ ಇದು, ಈಗ ಯಾಕೋ ಮಾನದ ಪ್ರಶ್ನೆಯಾಗಿದೆ.

ಕಾರಿನವರು ಡಿಪ್ಪರ್ ಹೊಡೆಯುತ್ತಾ ಹತ್ತು ಮೀಟರಿಗೆ ಅಂಟಿಕೊಳ್ಳುವುದು ವ್ಯರ್ಥ. 80ರಲ್ಲಿ ಮೂರು ಸೆಕೆಂಡಿನ ಅಂತರವೆಂದರೆ 67 ಮೀಟರ್. ಅಷ್ಟು ಬಿಟ್ಟರೆ ಬ್ರೇಕ್ ಬದಲು ಆಕ್ಸಿಲರೇಟರಿನಿಂದ ಕಾಲು ತೆಗೆದರೇ ಸಾಕು, ಹಿಂದಿನವರಿಗೂ ಧಕ್ಕೆ ತಟ್ಟುವುದಿಲ್ಲ. ಎಡಗಡೆಯಿಂದ ನುಗ್ಗುವುದಂತೂ ಬೇಡ: ಲಾರಿ ಡ್ರೈವರ್ ಬಲಗಡೆ ಕೂತಿರುತ್ತಾನೆ, ಎಡ ಪಕ್ಕದ ಬಹುಭಾಗ ಅವನಿಗೆ ಕಾಣುವುದಿಲ್ಲ.

ಸಾಕಷ್ಟು ಲಾರಿಗಳು ಓವರ್‌ಟೇಕ್ ಇಲ್ಲದೆಯೂ ಬಲಗಡೆಯಲ್ಲೇ ಓಡುವುದಕ್ಕೆ ಕಾರಣ ಬರೀ ಅಶಿಸ್ತಲ್ಲ. ಎಡಗಡೆಯಲ್ಲಿ ಟ್ರ್ಯಾಕ್ಟರ್, ಬೈಕು, ನಿಂತ ಗಾಡಿ, ಊರಿನ ಕ್ರಾಸ್‌ನಿಂದ ನುಗ್ಗುವ ಆಟೋ. ಲೋಡು ಹೊತ್ತವನಿಗೆ ಪ್ರತಿ ಸಲ ನಿಲ್ಲಿಸಿ ಮತ್ತೆ ವೇಗ ಹಿಡಿಯುವುದು ಡೀಸೆಲ್ ಖರ್ಚಿನ ಮಾತು. ಸರ್ವಿಸ್ ರಸ್ತೆ ಎಲ್ಲ ಕ್ರಾಸಿಗೂ ಸಿಗದ ಹೊರತು ಬಲಗಡೆ ಲೇನಿಗೆ ನನ್ನ ಎರಡು ಸ್ಟಾರ್ ಮೂರಾಗುವುದಿಲ್ಲ.