ಹಾರಾಟದ ಅನುಭವ: ಬರೆಸುವುದೋ, ಹೇಳಿಸುವುದೋ?

ಫ್ಲೈಯಿಂಗ್ ಕ್ಲಬ್ ಸದಸ್ಯರ ಅನುಭವ ಸಂಗ್ರಹಿಸಲು ಲೇಖನ ಕೇಳಬೇಕೇ, ಸಂಜೆ ಕೂಡಿಸಿ ಮಾತನಾಡಿಸಬೇಕೇ, ಮೊಬೈಲ್‌ನ ಧ್ವನಿಸಂದೇಶ ಸಾಕೇ ಎಂದು ಕೇಳಿದ್ದೀರಿ.

ಮೊದಲು ಶ್ರಮದ ಮಾತು. ‘ಯಾರಾದರೂ ಏನಾದರೂ ಬರೆದುಕೊಡಿ’ ಎಂದರೆ ಯಾರೂ ಬರೆಯುವುದಿಲ್ಲ. ಒಬ್ಬರನ್ನು ಹೆಸರು ಹಿಡಿದು ಕರೆದು, ಒಂದೇ ಪ್ರಶ್ನೆ ಕೇಳಿ: ‘ಏಪ್ರಿಲ್ ಮಧ್ಯಾಹ್ನ ಟೇಕಾಫ್‌ಗೆ ಎಷ್ಟು ರನ್‌ವೇ ಹೆಚ್ಚು ಬೇಕಾಯಿತು?’ ನಿಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ಮೊದಲೇ ತೆಳು. ಬಿಸಿಲೇರಿದಂತೆ ಗಾಳಿಯ ಸಾಂದ್ರತೆ ಇನ್ನೂ ಇಳಿದು ವಿಮಾನದ ಓಟ ಉದ್ದವಾಗುತ್ತದೆ. ಇಂಥ ಚಿಕ್ಕ ಪ್ರಶ್ನೆಗೆ ಧ್ವನಿಸಂದೇಶವೇ ಸುಲಭ. ಬರೆಯಲು ಅಂಜುವವರೂ ಎರಡು ನಿಮಿಷ ಮಾತನಾಡುತ್ತಾರೆ.

ಬಾಳಿಕೆಯಲ್ಲಿ ಮಾತ್ರ ಅದು ಸೋಲುತ್ತದೆ. ವಾರ ಕಳೆದರೆ ಹುಡುಕಿದರೂ ಸಿಗದು. ಹೊಸ ವಿದ್ಯಾರ್ಥಿಗಳು ಮತ್ತೆ ಮತ್ತೆ ತೆರೆದು ನೋಡಬೇಕಾದದ್ದನ್ನು ಬರಹಕ್ಕಿಳಿಸಲೇಬೇಕು. ಹೇಳಿದ್ದನ್ನು ನೀವೇ ಬರೆದು, ಅವರಿಗೆ ತೋರಿಸಿ, ಅವರ ಹೆಸರಿನಲ್ಲೇ ಪ್ರಕಟಿಸಿ. ಹೆಸರು ಕಂಡವರು ಮುಂದಿನ ಸಲ ತಾವೇ ಬರೆಯುತ್ತಾರೆ.

ತಪ್ಪುಗಳ ಕಥೆಗೆ ಮುಖಾಮುಖಿ ಕೂಟವೇ ಬೇಕು. ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, ಅಂಗೈಯನ್ನು ರೆಕ್ಕೆಯಂತೆ ವಾಲಿಸಿ, ಅಡ್ಡಗಾಳಿಯಲ್ಲಿ ಇಳಿಯುವಾಗ ತಾವು ಎಡವಿದ್ದನ್ನು ತೋರಿಸಿದ ಸಂಜೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಖರ್ಚು ಕಾಫಿಯಷ್ಟೇ. ಆದರೆ ವಾರದ ದಿನ ವೈಟ್‌ಫೀಲ್ಡ್‌ನಿಂದ ಜಕ್ಕೂರಿನ ವಿಮಾನ ಮೈದಾನಕ್ಕೆ ಬರುವುದೆಂದರೆ ಟ್ರಾಫಿಕ್‌ನಲ್ಲೇ ಸಂಜೆ ಮುಗಿಯುತ್ತದೆ. ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ.

ಸದಸ್ಯರು ಊರೆಲ್ಲ ಚದುರಿದ್ದರೆ ಧ್ವನಿಸಂದೇಶದಿಂದ ಆರಂಭಿಸಿ. ಹಿರಿಯ ಪೈಲಟ್‌ಗಳು ಹೆಚ್ಚಿದ್ದರೆ ಕೂಟ ನಡೆಸಿ. ತರಬೇತಿಯವರೇ ಹೆಚ್ಚಿದ್ದರೆ ಲೇಖನಕ್ಕೆ ಒತ್ತು ಕೊಡಿ.